ಹಳೆಯ ಸೂರು, ಹೊಸ ರಸ್ತೆ ಮತ್ತು ನಚಿಕೇತನ ಪ್ರಶ್ನೆ

ಡೊಂಬಿವಲಿಯಲ್ಲಿ ಹಳೆಯ ಸೊಸೈಟಿಯೊಂದು ರೀಡೆವಲಪ್‌ಮೆಂಟಿಗೆ ಹೋಯಿತೆಂದರೆ ಮೊದಲು ಕೆಳಗಿಳಿಯುವುದು ಟೆರೇಸಿನ ಪತ್ರಾ. ಸೋರುವ ಮಾಳಿಗೆಯನ್ನು ಮಳೆಯಿಂದ ಕಾಯಲು ಹಾಕಿದ ಆ ತಗಡಿನ ಚಪ್ಪರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅದರ ಕೆಳಗೆ ಡಾಂಬರಿನ ಕಪ್ಪು ಹಾಳೆ ಇರುತ್ತದೆ. ವಾಟರ್‌ಪ್ರೂಫಿಂಗ್‌ನವರು ಗ್ಯಾಸಿನ ಬೆಂಕಿ ಹಿಡಿದು ಅಂಟಿಸಿದ ಮೆಂಬ್ರೇನ್. ಹತ್ತು ಹದಿನೈದು ಬೇಸಿಗೆ ಕಂಡ ಆ ಹಾಳೆ ಕೈಯಲ್ಲಿ ಮಡಚಿದರೆ ಪಟ್ಟನೆ ಮುರಿಯುತ್ತದೆ. ಅದನ್ನೂ ಸುಲಿದರೆ ಇಟ್ಟಿಗೆ ಚೂರು ಹಾಕಿ ಮಾಡಿದ ಕೋಬಾ. ಕಬ್ಬಿಣಕ್ಕೆ ಗಿರಾಕಿ ಇದೆ, ಕಿಟಕಿ ಬಾಗಿಲಿಗೂ ಇದೆ. ಡಾಂಬರಿನ ಹಾಳೆಯನ್ನು, ಒಡೆದ ಸಿಮೆಂಟ್ ಶೀಟನ್ನು ಕೇಳುವವರು ಯಾರೂ ಇಲ್ಲ. ಅವು ಮಿಕ್ಕ ಡೆಬ್ರಿಸ್ ಜೊತೆ ಡಂಪರ್ ಹತ್ತುತ್ತವೆ. ಎಷ್ಟೋ ಡಂಪರ್‌ಗಳು ರಾತ್ರಿ ಹೊತ್ತು ಖಾಡಿಯ ಅಂಚಿನ ಕಾಂಡ್ಲಾ ಕಾಡಿನಲ್ಲಿ ಖಾಲಿಯಾಗುತ್ತವೆ. ಠಾಣೆಯಿಂದ ನವಿ ಮುಂಬೈವರೆಗೆ ಈ ದೂರು ವರ್ಷಗಳಿಂದ ಇದೆ. ಕಾಂಡ್ಲಾ ಕಾಡನ್ನು ನಾಶ ಮಾಡುವುದು ನಾಗರಿಕರ ಮೂಲಭೂತ ಹಕ್ಕಿಗೇ ಧಕ್ಕೆ ಎಂದು ಬಾಂಬೆ ಹೈಕೋರ್ಟು 2018ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೂ ಈ ಸುರಿಯುವಿಕೆ ನಿಂತಿಲ್ಲ.

ಅಮೆರಿಕದಲ್ಲಿ ಇಂಥ ಸೂರಿನ ಸಿಪ್ಪೆಯನ್ನು ರಸ್ತೆಗೆ ಹಾಕುತ್ತಾರೆ. ಅಲ್ಲಿನ ಮನೆಗಳ ಇಳಿಜಾರು ಮಾಡಿಗೆ ಹೊದಿಸುವುದು ಡಾಂಬರಿನ ಶಿಂಗಲ್: ಗಾಜಿನ ನಾರಿನ ಹಾಸು, ಅದರ ಮೇಲೆ ಡಾಂಬರು, ಅದರ ಮೇಲೆ ಕಲ್ಲಿನ ಹರಳು. ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಅದನ್ನು ಕಿತ್ತು ಹೊಸದು ಹಾಕಬೇಕು. ಹೀಗೆ ಅಲ್ಲಿ ವರ್ಷಕ್ಕೆ ಸುಮಾರು 1.1 ಕೋಟಿ ಟನ್ ಹಳೆಯ ಶಿಂಗಲ್ ಉಳಿಯುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಅದರ ತೂಕದಲ್ಲಿ ಐದನೇ ಒಂದು ಪಾಲಿನಿಂದ ಮೂರನೇ ಒಂದು ಪಾಲಿನವರೆಗೆ ಶುದ್ಧ ಡಾಂಬರೇ. ರಸ್ತೆಯ ಮಿಶ್ರಣದಲ್ಲಿ ಅತಿ ದುಬಾರಿ ಪದಾರ್ಥವೂ ಡಾಂಬರೇ ಆದ್ದರಿಂದ ಅಲ್ಲಿನ ಎಂಜಿನಿಯರುಗಳು ಶಿಂಗಲನ್ನು ಸಣ್ಣಗೆ ಅರೆದು, ಸಾಮಾನ್ಯವಾಗಿ ನೂರಕ್ಕೆ ಐದರ ಮಿತಿಯೊಳಗೆ, ಬಿಸಿ ಜಲ್ಲಿಗೆ ಬೆರೆಸತೊಡಗಿದರು. ಮನೆಯ ತಲೆಯ ಮೇಲಿದ್ದದ್ದು ಊರಿನ ಕಾಲ ಕೆಳಗೆ ಬಂತು.

ಇದು ಬರೀ ಎಂಜಿನಿಯರಿಂಗ್ ವಿಷಯ ಎಂದು ಬಿಟ್ಟುಬಿಡಲು ಆಗುವುದಿಲ್ಲ. ಮುಗಿದುಹೋದ ವಸ್ತುವನ್ನು ಎಲ್ಲರ ಬಳಕೆಯ ಜಾಗಕ್ಕೆ ಕೊಡುವುದು ದಾನವೋ, ಕೈತೊಳೆದುಕೊಳ್ಳುವುದೋ? ಕಠೋಪನಿಷತ್ತು ಶುರುವಾಗುವುದೇ ಈ ಪ್ರಶ್ನೆಯಿಂದ. ವಾಜಶ್ರವಸ ಯಜ್ಞ ಮಾಡಿ ಇದ್ದದ್ದನ್ನೆಲ್ಲ ದಾನ ಕೊಡುತ್ತಿದ್ದಾನೆ. ಸಾಲಾಗಿ ಹೊರಟ ಹಸುಗಳನ್ನು ಮಗ ನಚಿಕೇತ ನೋಡುತ್ತಾನೆ. ಅವು ಇನ್ನು ನೀರು ಕುಡಿಯುವ, ಮೇವು ಮೇಯುವ ಶಕ್ತಿಯಿಲ್ಲದ, ಹಾಲು ಬತ್ತಿದ, ಕರು ಹಾಕಲಾರದ ಮುದಿ ಹಸುಗಳು. ಕೊಟ್ಟವನಿಗೆ ಹೊರೆ ಇಳಿಯಿತು, ಪುಣ್ಯವೂ ಬಂತು. ತೆಗೆದುಕೊಂಡವನಿಗೆ ಬಂದದ್ದು ಸಾಕುವ ಖರ್ಚು ಮಾತ್ರ. ನಚಿಕೇತನ ಕಥೆ ಎಂದರೆ ಎಲ್ಲರಿಗೂ ಯಮನ ಮನೆ ನೆನಪಾಗುತ್ತದೆ, ಸಾವಿನ ರಹಸ್ಯ ನೆನಪಾಗುತ್ತದೆ. ಆ ಹುಡುಗನನ್ನು ಯಮನ ಬಾಗಿಲಿಗೆ ಕಳಿಸಿದ್ದು ಮಾತ್ರ ಕಳಪೆ ದಾನವೊಂದನ್ನು ಕಂಡು ಹುಟ್ಟಿದ ಸಂಕಟ.

ಹಳೆಯದನ್ನು ಕೊಡಲೇಬಾರದು ಎಂದು ನಚಿಕೇತ ಹೇಳಲಿಲ್ಲ. ಕನ್ನಡ ನಾಡಿನ ಕಟ್ಟುವವರೂ ಹಾಗೆ ತಿಳಿದವರಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಂಗಳೂರು ಹಂಚು ಹಡಗೇರಿ ಮುಂಬೈ ಕರಾವಳಿಗೂ ಬಂತು. ಠಾಣೆ, ಕಲ್ಯಾಣದ ಹಳೆಯ ಚಾಳುಗಳ ಮಾಡಿನಲ್ಲಿ ಅದು ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಒಡೆದ ಹಂಚನ್ನು, ಇಟ್ಟಿಗೆಯನ್ನು ಕುಟ್ಟಿ ಸುಣ್ಣದ ಜೊತೆ ಬೆರೆಸಿದರೆ ಸುರ್ಕಿ ಗಾರೆ. ಕನ್ನಂಬಾಡಿ ಕಟ್ಟೆ ಎದ್ದು ನಿಂತಿರುವುದು ಸುರ್ಕಿಯ ಬಲದ ಮೇಲೆ. ಸುಟ್ಟ ಮಣ್ಣಿನ ಪುಡಿ ಗಾರೆಯಲ್ಲಿ ಎರಡನೇ ಜನ್ಮ ಪಡೆಯುತ್ತದೆ ಎಂಬುದು ಗಾರೆ ಕೆಲಸದವರಿಗೆ ಪುಸ್ತಕ ಓದದೆ ಗೊತ್ತಿದ್ದ ಸಂಗತಿ.

ಇದಕ್ಕೆ ತತ್ತ್ವದ ಬಲ ಕೊಟ್ಟವರು ಜೈನ ಆಚಾರ್ಯರು. ದ್ರವ್ಯ ನಾಶವಾಗುವುದಿಲ್ಲ, ಅದರ ಪರ್ಯಾಯಗಳು ಹುಟ್ಟುತ್ತವೆ, ಅಳಿಯುತ್ತವೆ ಎಂಬುದು ಅವರ ದರ್ಶನದ ನಡುಗಂಬ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಕೊಡುವ ಉದಾಹರಣೆ ಪ್ರಸಿದ್ಧ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ನಗುತ್ತಾನೆ, ಚಿನ್ನ ಮಾತ್ರ ಬೇಕಿದ್ದವನು ಸುಮ್ಮನಿರುತ್ತಾನೆ. ಮೂವರ ಭಾವಕ್ಕೂ ಕಾರಣವಿದೆ, ಮೂವರೂ ನಿಜವನ್ನೇ ಕಂಡಿದ್ದಾರೆ. ಮೂವತ್ತು ವರ್ಷ ಬದುಕಿದ ಮನೆಯ ಮಾಳಿಗೆ ಒಡೆಯುವಾಗ ಕಣ್ಣು ತುಂಬಿಕೊಂಡು ಎದುರಿನ ಫುಟ್‌ಪಾತಿನಲ್ಲಿ ನಿಂತ ಅಜ್ಜಿ, ಹೊಸ ಟವರಿನ ನಕ್ಷೆ ಹಿಡಿದ ಬಿಲ್ಡರ್, ಡೆಬ್ರಿಸ್ ತೂಕ ಹಾಕುವ ಡಂಪರಿನವ ಈ ಮೂವರನ್ನು ಡೊಂಬಿವಲಿಯ ಯಾವ ಗಲ್ಲಿಯಲ್ಲೂ ನೋಡಬಹುದು.

ಆದರೆ ಚಿನ್ನಕ್ಕೆ ವಯಸ್ಸಾಗುವುದಿಲ್ಲ. ಡಾಂಬರಿಗೆ ಆಗುತ್ತದೆ. ಮರುಬಳಕೆಯ ಬಗ್ಗೆ ಉತ್ಸಾಹದಿಂದ ಮಾತಾಡುವವರು ಮರೆಯುವುದು ಇದನ್ನೇ.

ಸೂರಿಗೆ ಹಾಕುವ ಡಾಂಬರನ್ನು ತಯಾರಿಸುವಾಗಲೇ ಬಿಸಿ ಮಾಡಿ, ಅದರೊಳಗೆ ಗಾಳಿ ಊದಿ ಗಡುಸು ಮಾಡಿರುತ್ತಾರೆ. ಇಲ್ಲದಿದ್ದರೆ ಬಿಸಿಲಿಗೆ ಮಾಡಿನಿಂದ ಇಳಿದು ಹರಿಯುತ್ತದೆ. ನಮ್ಮ ರಸ್ತೆಗಳಿಗೆ ಬಳಸುವ ವಿಜಿ-30 ಡಾಂಬರು 47 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗಿದರೆ ಶಿಂಗಲಿನ ಡಾಂಬರಿಗೆ ಅದರ ಸುಮಾರು ಎರಡು ಪಟ್ಟು ಶಾಖ ಬೇಕು. ಅದರ ಮೇಲೆ ವರ್ಷಾನುಗಟ್ಟಲೆ ಬಿಸಿಲು. ಡಾಂಬರಿನೊಳಗಿನ ಎಣ್ಣೆಯಂಶ ಆರುತ್ತದೆ, ಗಾಳಿಯ ಆಮ್ಲಜನಕ ಸೇರಿ ಅದು ಇನ್ನಷ್ಟು ಪೆಡಸಾಗುತ್ತದೆ. ಇಂಥದ್ದನ್ನು ರಸ್ತೆಗೆ ಹಾಕಿದರೆ ಒಂದು ಲಾಭ ಉಂಟು: ಬೇಸಿಗೆಯಲ್ಲಿ ಭಾರದ ಲಾರಿಗಳ ಚಕ್ರದಡಿ ರಸ್ತೆ ಹಳ್ಳ ಬೀಳುವುದಿಲ್ಲ. ನಷ್ಟವೂ ಉಂಟು: ರಸ್ತೆ ಬಾಗುವ ಬದಲು ಬಿರಿಯುತ್ತದೆ. ಅಮೆರಿಕದಲ್ಲಿ ಆದದ್ದು ಇದೇ. 2008ರ ಸುಮಾರಿಗೆ ತೈಲದ ಬೆಲೆ ಗಗನಕ್ಕೇರಿದಾಗ ಶಿಂಗಲ್ ಬೆರೆಸುವುದು ಜೋರಾಯಿತು. 2014ರ ಹೊತ್ತಿಗೆ ವರ್ಷಕ್ಕೆ ಸುಮಾರು 20 ಲಕ್ಷ ಟನ್‌ವರೆಗೆ ಹೋಯಿತು. ಆಮೇಲೆ ಕೆಲವು ರಾಜ್ಯಗಳ ಹೆದ್ದಾರಿ ಇಲಾಖೆಗಳು ಬಿರುಕು ಕಂಡು ನಿಯಮ ಬಿಗಿ ಮಾಡಿದವು, ಬಳಕೆ ಇಳಿಯಿತು. ಮೆತ್ತನೆಯ ಹೊಸ ಡಾಂಬರನ್ನು ಜೊತೆಗೆ ಬೆರೆಸಿ, ಆರಿದ ಎಣ್ಣೆಯಂಶವನ್ನು ಮತ್ತೆ ತುಂಬಿಸಿ ಮಾಡಿದ ರಸ್ತೆಗಳು ಚೆನ್ನಾಗಿಯೇ ನಡೆದಿವೆ. ಹಳೆಯದಕ್ಕೆ ಅದರ ವಯಸ್ಸಿಗೆ ತಕ್ಕ ಆರೈಕೆ ಮಾಡಿದವರಿಗೆ ಅದು ಫಲ ಕೊಟ್ಟಿತು. ಉಳಿದವರಿಗೆ ಬಿರುಕು ಕೊಟ್ಟಿತು.

ಠಾಣೆ ಜಿಲ್ಲೆಯಲ್ಲಿ ಚಳಿಯಿಂದ ರಸ್ತೆ ಬಿರಿಯುವುದಿಲ್ಲ ನಿಜ. ಆದರೆ ಇಲ್ಲಿ ಮಳೆ ಇದೆ. ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಊರಿನಲ್ಲಿ ಕೂದಲೆಳೆಯ ಬಿರುಕು ಸಾಕು. ನೀರು ಒಳಗೆ ಇಳಿದು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ, ಮೇಲೆ ಟಯರು ಒತ್ತುತ್ತದೆ, ಗುಂಡಿ ಹುಟ್ಟುತ್ತದೆ. ಆ ಗುಂಡಿ ಏನು ಮಾಡುತ್ತದೆ ಎಂಬುದನ್ನು ಕಲ್ಯಾಣ-ಡೊಂಬಿವಲಿಯ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. 2018ರ ಒಂದೇ ಮಳೆಗಾಲದಲ್ಲಿ ಅಲ್ಲಿನ ರಸ್ತೆಗುಂಡಿಗಳು ಐವರ ಜೀವ ತೆಗೆದವು. 2013ರಿಂದ 2017ರವರೆಗೆ ದೇಶದಲ್ಲಿ ಗುಂಡಿಗಳಿಂದ ಸತ್ತವರು 14,926 ಮಂದಿ ಎಂಬ ಲೆಕ್ಕ ಅದೇ ವರ್ಷ ಸುಪ್ರೀಂ ಕೋರ್ಟಿನ ಮುಂದೆ ಬಂತು. ಗಡಿಯಲ್ಲಿ ಸಾಯುವವರಿಗಿಂತ ಇವರೇ ಹೆಚ್ಚು ಇರಬಹುದು ಎಂದು ನ್ಯಾಯಮೂರ್ತಿಗಳು ಕಳವಳಪಟ್ಟರು. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಗುಂಡಿಗೆ ಬಿದ್ದು ಸತ್ತವರ ಕುಟುಂಬಕ್ಕೆ ಆರು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಮುದಿ ಹಸುವನ್ನು ದಾನ ಪಡೆದವನು ಸಾಕುವ ಖರ್ಚು ಹೊತ್ತ. ಕಳಪೆ ರಸ್ತೆಯನ್ನು ಪಡೆದವನು ಹೊರುವುದು ಇನ್ನೂ ದೊಡ್ಡದು.

ಭಾರತದಲ್ಲಿ ಡಾಂಬರಿನ ಶಿಂಗಲ್ ಅಪರೂಪ. ಇಲ್ಲಿ ಆ ಜಾಗದಲ್ಲಿ ನಿಂತದ್ದು ಪ್ಲಾಸ್ಟಿಕ್. ಅದರ ಕಥೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು, ತಾವು ಮಾಡಿದ ಸರಕೇ ಊರಿನ ಚರಂಡಿ ಕಟ್ಟುವುದನ್ನು ಕಂಡು, ಅದನ್ನು ಚೂರು ಮಾಡಿ ಡಾಂಬರಿಗೆ ಬೆರೆಸುವ ದಾರಿ ಹುಡುಕಿದರು. ಬೆಂಗಳೂರಿನ ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಆದ ಮೇಲೆ 2000ದ ದಶಕದ ಆರಂಭದಲ್ಲಿ ನಗರದ ರಸ್ತೆಗಳಲ್ಲಿ ಅದು ಬಳಕೆಗೆ ಬಂತು. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್ ಇನ್ನೊಂದು ದಾರಿ ಹಿಡಿದರು. ಸುಮಾರು 160 ಡಿಗ್ರಿಗೆ ಕಾಯಿಸಿದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿದರೆ ಅದು ಕರಗಿ ಕಲ್ಲಿಗೆ ತೆಳುವಾಗಿ ಅಂಟುತ್ತದೆ. ಅದರ ಮೇಲೆ ಡಾಂಬರು ಬಿಗಿಯಾಗಿ ಕೂರುತ್ತದೆ, ನೀರು ನಡುವೆ ನುಸುಳಲು ಕಷ್ಟ. ವಾಸುದೇವನ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲೇ ಇದಕ್ಕೆ ಮಾರ್ಗಸೂಚಿ ಬರೆಯಿತು. ಐದು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳ ಸುತ್ತ 50 ಕಿಲೋಮೀಟರ್ ಒಳಗೆ ಹೆದ್ದಾರಿಗಳ ಮೇಲುಹಾಸಿಗೆ ತ್ಯಾಜ್ಯ ಪ್ಲಾಸ್ಟಿಕ್ ಬಳಸಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ಸೂಚಿಸಿತು. 2011ರ ಜನಗಣತಿಯಲ್ಲೇ ಠಾಣೆ 18 ಲಕ್ಷ, ಕಲ್ಯಾಣ-ಡೊಂಬಿವಲಿ 12 ಲಕ್ಷ, ನವಿ ಮುಂಬೈ 11 ಲಕ್ಷ ದಾಟಿದ್ದವು.

ಇಲ್ಲಿಯೂ ನಚಿಕೇತನ ಕಣ್ಣು ಬೇಕು. ಹಾಲಿನ ಪ್ಯಾಕೆಟ್ಟು, ತೆಳು ಚೀಲ ಕರಗಿ ಕಲ್ಲಿಗಂಟುತ್ತವೆ. ಪಿವಿಸಿ ಪೈಪು, ಫ್ಲೆಕ್ಸ್ ಬ್ಯಾನರ್ ಅದೇ ಬೆಂಕಿಗೆ ಬಿದ್ದರೆ ಕ್ಲೋರಿನ್ ಸೇರಿದ ವಿಷಗಾಳಿ ಬಿಡುತ್ತವೆ. ಕಸದ ರಾಶಿಯಿಂದ ಅವನ್ನು ಬೇರೆ ಮಾಡುವುದು ಯಂತ್ರವಲ್ಲ, ಯಾರದೋ ತಾಯಿಯ ಕೈ. ಕಲ್ಯಾಣದ ಆಧಾರವಾಡಿ ಡಂಪಿಂಗ್ ಗ್ರೌಂಡಿನ ಹೊಗೆಯನ್ನು ಸುತ್ತಲಿನವರು ವರ್ಷಾನುಗಟ್ಟಲೆ ಉಸಿರಾಡಿದರು; ಅದು 2021ರಲ್ಲಿ ಮುಚ್ಚಿತು. ಬೇರೆ ಮಾಡದ ಕಸ ಎಲ್ಲಿಗೆ ಹೋದರೂ ತನ್ನ ವಿಷವನ್ನು ಹೊತ್ತೇ ಹೋಗುತ್ತದೆ. ರಸ್ತೆಗೆ ಹೋದರೂ ಅಷ್ಟೆ.

ಸೂರಿನ ವಿಷಯದಲ್ಲಿ ಇದು ಇನ್ನೂ ಗಂಭೀರ. ಠಾಣೆಯ ಚಾಳು, ವಾಗಳೆ ಎಸ್ಟೇಟಿನ ಹಳೆಯ ಗಾಳಾ, ಡೊಂಬಿವಲಿ ಎಂಐಡಿಸಿಯ ಶೆಡ್ಡು, ಇಂಥ ಕಡೆ ತಲೆಯ ಮೇಲೆ ಬೂದುಬಣ್ಣದ ಅಲೆಅಲೆ ಸಿಮೆಂಟ್ ಶೀಟು ಕಾಣುತ್ತದೆ. ಆ ಶೀಟುಗಳಲ್ಲಿ ಹಳೆಯವು ಬಹುಪಾಲು ಆಸ್ಬೆಸ್ಟಾಸ್. ಅದು ಸುಮ್ಮನೆ ಮಾಡಿನ ಮೇಲಿದ್ದಾಗ ಅಪಾಯ ಕಡಿಮೆ. ಸುತ್ತಿಗೆಯಿಂದ ಒಡೆದಾಗ, ಕ್ರಷರಿಗೆ ಹಾಕಿದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತದೆ, ಶ್ವಾಸಕೋಶದಲ್ಲಿ ಕೂರುತ್ತದೆ, ದಶಕಗಳ ನಂತರ ಕ್ಯಾನ್ಸರ್ ಆಗಿ ಎದ್ದುಬರುತ್ತದೆ. ಆಸ್ಬೆಸ್ಟಾಸ್‌ನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಸ್ಬೆಸ್ಟಾಸ್ ಕೆಲಸಗಾರರ ಮೊಕದ್ದಮೆಯಲ್ಲಿ 1995ರಲ್ಲೇ ಸುಪ್ರೀಂ ಕೋರ್ಟು ದುಡಿಯುವವನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗ ಎಂದಿತು. ಅಮೆರಿಕದ ಹಳೆಯ ಶಿಂಗಲ್‌ಗಳಲ್ಲೂ ಆಸ್ಬೆಸ್ಟಾಸ್ ಇದ್ದದ್ದುಂಟು. ಹಾಗಾಗಿ ಅಲ್ಲಿ ಅರೆಯುವ ಮೊದಲು ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಇಲ್ಲಿ ಒಡೆಯುವವನ ಮುಖಕ್ಕೆ ಇರುವುದು ಹೆಗಲ ಮೇಲಿನ ಟವೆಲ್.

ಆ ಟವೆಲಿನ ಹಿಂದೆ ಎಷ್ಟೋ ಸಲ ಕನ್ನಡ ಮಾತಾಡುವ ಬಾಯಿ ಇರುತ್ತದೆ. ನವಿ ಮುಂಬೈ, ಠಾಣೆಯ ನಾಕಾಗಳಲ್ಲಿ ಬೆಳಗ್ಗೆ ಕೂಲಿಗಾಗಿ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಬಹಳ. ಲಂಬಾಣಿ ತಾಂಡಾಗಳಿಂದ ಬಂದವರು, ಕಲ್ಲು ಒಡೆಯುವ ಕಸುಬಿನ ಒಡ್ಡರು. ಮಳೆಗಾಲದ ಮುಂಚೆ ರಾತ್ರಿ ಹೊತ್ತು ರಸ್ತೆ ಕೆಲಸ ನಡೆಯುವ ಕಡೆ ಹೋಗಿ ನಿಂತರೆ ಕಾಣುತ್ತದೆ: ಹಾಟ್‌ಮಿಕ್ಸ್ ತಂದ ಲಾರಿಯ ತಾಡಪತ್ರಿ ತೆಗೆದೊಡನೆ ಬಿಳಿ ಹೊಗೆ ಏಳುತ್ತದೆ. ಪೇವರ್ ಮುಟ್ಟದ ಅಂಚುಗಳಿಗೆ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು, ಘಮೇಲಾದಲ್ಲಿ ಬಿಸಿ ಮಾಲು ಹೊತ್ತು ತಂದು ಸುರಿಯುತ್ತಾರೆ. ಗಂಡಸರು ರೇಕಿನಿಂದ ಎಳೆದು ಸಮ ಮಾಡುತ್ತಾರೆ. ರೋಲರ್ ಬರುವ ಮುಂಚೆ ಇದೆಲ್ಲ ಮುಗಿಯಬೇಕು. ಆರಿದರೆ ಮಾಲು ಹಿಡಿಯುವುದಿಲ್ಲ. “ಲಗೂನ ತಾ ಯವ್ವಾ, ಆರತೈತಿ” ಎಂದು ಒಬ್ಬ ಕೂಗುತ್ತಾನೆ. ಕಾಲಲ್ಲಿ ರಬ್ಬರ್ ಚಪ್ಪಲಿ. ಪಕ್ಕದ ಬಯಲಿನಲ್ಲಿ ಇವರ ಬಿಡಾರ, ಅದರ ಸೂರು ನೀಲಿ ತಾಡಪತ್ರಿ.

ಈ ಒಡ್ಡರ ಆರಾಧ್ಯ ಗುರು ಸೊನ್ನಲಿಗೆಯ ಸಿದ್ಧರಾಮ. ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿ, ಗುಡಿ ಎಬ್ಬಿಸಿ, ಲೋಕಕ್ಕೆ ನೀರು ನೆರಳು ಕೊಡುವುದನ್ನೇ ಶಿವಪೂಜೆ ಎಂದು ನಂಬಿದ ಶರಣ. ಅಲ್ಲಮ ಅವನನ್ನು ನೋಡಲು ಬಂದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆರೆಯ ಕೆಲಸ ಭರದಿಂದ ನಡೆಯುತ್ತಿದೆ. ಅಲ್ಲಮ ಬಂದವನೇ ಸಿದ್ಧರಾಮನನ್ನು ಒಡ್ಡ ಎಂದು ಕರೆದು ಕೇಳುತ್ತಾನೆ. ಗುರುವಿಗೆ ಅವಮಾನವಾಯಿತೆಂದು ಸಿಟ್ಟಾದ ಕೆಲಸಗಾರರು ಕೈಲಿದ್ದ ಕಲ್ಲು ಬೀರುತ್ತಾರೆ. ಆಮೇಲೆ ಅಲ್ಲಮ, ಸಿದ್ಧರಾಮ ಇಬ್ಬರ ನಡುವೆ ನಡೆಯುವ ವಾದವೇ ಕನ್ನಡದ ಶ್ರೇಷ್ಠ ತಾತ್ತ್ವಿಕ ಸಂವಾದಗಳಲ್ಲಿ ಒಂದು. ಲೋಕೋಪಕಾರದ ಕೆಲಸ ಮುಕ್ತಿಗೆ ಸಾಕೇ? ಅಲ್ಲಮನ ಉತ್ತರ ಕಟುವಾದದ್ದು. ಕೆರೆ ಕಟ್ಟಿದ್ದು ತಪ್ಪೆಂದು ಅವನು ಹೇಳುತ್ತಿಲ್ಲ. ನಾನು ಕಟ್ಟಿದೆ ಎಂಬುದು ಒಳಗೆ ಉಳಿದರೆ ಆ ಪುಣ್ಯವೇ ಬಂಧನ ಎನ್ನುತ್ತಾನೆ. ಸಿದ್ಧರಾಮ ಅವನ ಜೊತೆ ಕಲ್ಯಾಣಕ್ಕೆ ಹೊರಟ. (ಅದು ಬೀದರ್ ಜಿಲ್ಲೆಯ ಕಲ್ಯಾಣ, ಠಾಣೆ ಜಿಲ್ಲೆಯದಲ್ಲ.) ಕೆರೆ ಸೊಲ್ಲಾಪುರದಲ್ಲೇ ಉಳಿಯಿತು, ಇಂದಿಗೂ ಸಿದ್ಧೇಶ್ವರ ಗುಡಿಯ ಸುತ್ತ ನೀರು ನಿಲ್ಲುತ್ತದೆ.

ಅಲ್ಲಮನ ಮಾತು ಮರುಬಳಕೆಯ ರಸ್ತೆಗೆ ನೇರವಾಗಿ ತಾಗುತ್ತದೆ. ಕಸದಿಂದ ರಸ್ತೆ ಮಾಡಿದೆವು ಎಂಬ ಹೆಮ್ಮೆ ಬಹಳ ಬೇಗ ಬರುತ್ತದೆ. ರಿಬ್ಬನ್ ಕತ್ತರಿಸುವ ದಿನ ಬರುತ್ತದೆ, ಫೋಟೋದಲ್ಲಿ ಬರುತ್ತದೆ. ಆ ರಸ್ತೆ ಮೂರನೆಯ ಮಳೆಗಾಲ ಹೇಗೆ ಕಳೆಯಿತು, ಅದರ ಮಾಲನ್ನು ಅರೆದವನ ಎದೆ ಹೇಗಿದೆ ಎಂದು ಕೇಳುವಾಗ ಆ ಹೆಮ್ಮೆ ಎಲ್ಲಿಯೂ ಕಾಣುವುದಿಲ್ಲ. ಪರೀಕ್ಷೆ ಇಲ್ಲದ ಸಾಮಗ್ರಿ, ಅವಸರದ ಕೆಲಸ, ಯಾರೂ ನೋಡದ ಮಿಶ್ರಣ ಏನು ಮಾಡುತ್ತದೆ ಎಂಬುದನ್ನು ಠಾಣೆ ಮರೆಯುವಂತಿಲ್ಲ. 2013ರ ಏಪ್ರಿಲ್ 4ರಂದು ಶಿಳ್‌ಫಾಟಾದ ಲಕ್ಕಿ ಕಂಪೌಂಡಿನಲ್ಲಿ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು 74 ಮಂದಿ ಸತ್ತರು. ಸತ್ತವರಲ್ಲಿ ಅಲ್ಲೇ ಕೆಲಸ ಮಾಡಿ ಅಲ್ಲೇ ಮಲಗುತ್ತಿದ್ದ ಕೂಲಿಗಳೂ ಅವರ ಮಕ್ಕಳೂ ಇದ್ದರು. ಅಲ್ಲಿ ಬಿದ್ದದ್ದು ಹೊಸ ಸಿಮೆಂಟು, ಹೊಸ ಕಬ್ಬಿಣ. ವಸ್ತು ಹೊಸದಾದ ಮಾತ್ರಕ್ಕೆ ಶುದ್ಧವಾಗುವುದಿಲ್ಲ, ಹಳೆಯದಾದ ಮಾತ್ರಕ್ಕೆ ಅಶುದ್ಧವೂ ಆಗುವುದಿಲ್ಲ.

ಹಾಗಾದರೆ ಹಳೆಯ ಸೂರನ್ನು ರಸ್ತೆಗೆ ಕೊಡಬಹುದೇ? ಕೊಡಬಹುದು, ಕೊಡಬೇಕು. ಡಾಂಬರು ನೆಲದಾಳದಿಂದ ಬಂದ ಪದಾರ್ಥ. ಅದಕ್ಕಾಗಿ ದೇಶ ಹೊರಗಿನ ತೈಲಕ್ಕೆ ಕೈಚಾಚುತ್ತದೆ, ಜಲ್ಲಿಗಾಗಿ ಬೆಟ್ಟಗಳು ಕರಗುತ್ತವೆ. ಒಮ್ಮೆ ತೆಗೆದದ್ದನ್ನು ಖಾಡಿಗೆ ಸುರಿದು ಮತ್ತೊಮ್ಮೆ ತೆಗೆಯಲು ಹೋಗುವುದು ಅಪರಿಗ್ರಹಕ್ಕೂ ವಿರುದ್ಧ, ಲೆಕ್ಕಕ್ಕೂ ವಿರುದ್ಧ. ಹಳೆಯ ರಸ್ತೆಯನ್ನೇ ಕೆರೆದು ಮತ್ತೆ ಬಳಸುವ ಕ್ರಮಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಮಾಳಿಗೆಯ ಡಾಂಬರು ಹಾಳೆಗೂ ಅದೇ ಶಿಸ್ತಿನ ಪರೀಕ್ಷೆ ನಡೆಯಲಿ. ಆದರೆ ಕೊಡುವವನು ತನ್ನ ಮನೆಯ ಅಂಗಳಕ್ಕೆ ಹಾಸಿಕೊಳ್ಳಲು ಒಪ್ಪುವಂಥದ್ದನ್ನೇ ಕೊಡಬೇಕು. ಆಸ್ಬೆಸ್ಟಾಸ್ ಶೀಟು ಕ್ರಷರಿಗೆ ಹೋಗಲೇಬಾರದು. ಅದನ್ನು ಒಡೆಯದೆ, ನೀರು ಚಿಮುಕಿಸಿ ಇಳಿಸಿ, ಸುತ್ತಿ ಕಟ್ಟಿ, ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಸೇರಿಸಬೇಕು. ರಸ್ತೆಯ ಮೇಲೆ ನಡೆಯುವವನಿಗೆ ಅದರೊಳಗೆ ಏನಿದೆ ಎಂದು ತಿಳಿಯುವ ಹಕ್ಕಿದೆ. ಅದನ್ನು ಹಾಸಿದವಳಿಗೆ ಅದಕ್ಕೂ ಮುಂಚಿನ ಹಕ್ಕು.

ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಕಟ್ಟಡದ ಡೆಬ್ರಿಸ್ ಬೇರೆ ಮಾಡಬೇಕೆಂಬ ನಿಯಮ 2016ರಿಂದಲೇ ಇದೆ. ಶಿಳ್‌ಫಾಟಾದ ಬಳಿ ದಾಯ್ಘರ್‌ನಲ್ಲಿ ಮುಂಬೈ ಮಹಾನಗರಪಾಲಿಕೆಯ ಡೆಬ್ರಿಸ್ ಸಂಸ್ಕರಣೆಯ ಪ್ಲಾಂಟೂ ಇದೆ. ಬೇಕಾಗಿರುವುದು ಕೇಳುವ ಮನುಷ್ಯ. ಡೊಂಬಿವಲಿ, ಠಾಣೆ, ವಾಶಿಯಲ್ಲಿ ಸಾವಿರಾರು ಕನ್ನಡಿಗರು ಸೊಸೈಟಿಗಳ ಸದಸ್ಯರು, ಎಷ್ಟೋ ಕಡೆ ಅವರೇ ಸೆಕ್ರೆಟರಿ, ಅವರೇ ಚೇರ್ಮನ್. ರೀಡೆವಲಪ್‌ಮೆಂಟಿಗೆ 79ಎ ನಿಯಮದ ಪ್ರಕಾರ ಸ್ಪೆಷಲ್ ಜನರಲ್ ಬಾಡಿ ಸೇರಿದಾಗ ಎಲ್ಲರೂ ಕೇಳುವುದು ಎಷ್ಟು ಚದರಡಿ ಹೆಚ್ಚು, ಬಾಡಿಗೆ ಎಷ್ಟು, ಕಾರ್ಪಸ್ ಎಷ್ಟು ಎಂದು. ಅದನ್ನು ಕೇಳಲೇಬೇಕು. ಜೊತೆಗೆ ಇನ್ನೊಂದು ಕಲಮನ್ನು ಬಿಲ್ಡರಿನ ಅಗ್ರಿಮೆಂಟಿನಲ್ಲಿ ಬರೆಸಿ: ನಮ್ಮ ಮಾಳಿಗೆಯ ಶೀಟು, ಡಾಂಬರು, ಕೋಬಾ ಎಲ್ಲಿಗೆ ಹೋಗುತ್ತದೆ ಎಂಬುದರ ಪ್ಲಾಂಟಿನ ರಸೀತಿ ಸೊಸೈಟಿಗೆ ಬರಬೇಕು, ಒಡೆಯುವ ಕೆಲಸಗಾರರಿಗೆ ಸರಿಯಾದ ಮಾಸ್ಕು ಮತ್ತು ಬೂಟು ಕೊಡಬೇಕು, ಇವೆರಡೂ ಆಗದೆ ಕಟ್ಟಡದ ಬೀಗದ ಕೈ ಕೊಡುವುದಿಲ್ಲ.